ಎಸ್‌ಡಿಎಂಸಿ ಸಭೆಯಲ್ಲಿ ಏನು ಕೇಳಬೇಕು, ಏನು ಬರೆಸಬೇಕು

ನಿಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ನಿಮ್ಮ ಹೆಸರು ಬಂದಿದೆಯಾ? ಹಾಗಾದರೆ ಇದು ನಿಮಗೇ. ನಾನು ಸಿಂಧನೂರು ಕಡೆಯವಳು. ಮಗಳು ಐದನೇ ತರಗತಿ, ಸಮಿತಿಯಲ್ಲಿ ನನಗೆ ಎರಡನೇ ವರ್ಷ. ಮೊದಲ ವರ್ಷ ಕರೆದಾಗ ಹೋದೆ, ಚಹಾ ಕುಡಿದೆ, ತೋರಿಸಿದ ಕಡೆ ಸಹಿ ಹಾಕಿ ಬಂದೆ. ಆ ಮಳೆಗಾಲದಲ್ಲಿ ಒಂದು ಕೋಣೆಯ ಛತ್ತಿನ ಗಿಲಾವು ದಪ್ಪನೆ ಬಿತ್ತು. ಊಟದ ಹೊತ್ತು, ಮಕ್ಕಳು ಹೊರಗಿದ್ದರು, ಉಳಿದರು. ಆಮೇಲೆ ನಡಾವಳಿ ಪುಸ್ತಕ ತೆಗೆದು ನೋಡಿದರೆ, ಆ ಕೋಣೆ ಸೋರುತ್ತದೆ ಅಂತ ಒಂದೇ ಒಂದು ಸಾಲು ಇರಲಿಲ್ಲ. ಮೂರು ಸಭೆಯಲ್ಲಿ ಹೇಳಿದ್ದೆವು, ಎಲ್ಲಾ ಬಾಯಿಮಾತು.

ಅದಕ್ಕೇ ಮೊದಲ ಕೆಲಸ, ಬರೆಸುವುದು. ‘ಕೋಣೆ ದುರಸ್ತಿ ಬಗ್ಗೆ ಚರ್ಚಿಸಲಾಯಿತು’ ಅಂತ ಬರೆದರೆ ಯಾರಿಗೂ ಏನೂ ತಗಲುವುದಿಲ್ಲ. ಠರಾವಿನಲ್ಲಿ, ಅಂದರೆ ಸಭೆಯ ನಿರ್ಣಯದಲ್ಲಿ, ಏನು ಕೆಲಸ, ಯಾರು ಮಾಡಬೇಕು, ಯಾವ ತಾರೀಖಿನೊಳಗೆ ಅಂತ ಮೂರೂ ಇರಲಿ. ನಾವು ಹೀಗೆ ಬರೆಸಿದೆವು: ‘ಆ ಕೋಣೆಯಲ್ಲಿ ಮಕ್ಕಳನ್ನು ಕೂಡಿಸಬಾರದು, ದುರಸ್ತಿಗೆ ಬಿಇಒ ಅವರಿಗೂ ಪಿಡಿಒ ಅವರಿಗೂ ಅಧ್ಯಕ್ಷರು ಹತ್ತನೇ ತಾರೀಖಿನೊಳಗೆ ಅರ್ಜಿ ಕೊಡಬೇಕು.’ ಬಿಇಒ ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಪಿಡಿಒ ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಅರ್ಜಿ ಕೊಟ್ಟಾಗ ನಿಮ್ಮ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಠರಾವಿನ ಫೋಟೊ ಮೊಬೈಲಲ್ಲಿ ಇರಲಿ. ಮುಂದಿನ ಸಭೆ ಶುರುವಾಗುವುದೇ ಹಿಂದಿನ ಠರಾವು ಓದುವುದರಿಂದ ಆಗಲಿ. ಬರೆಯುವ ಮುಂಚೆ ಸಹಿ ಬೇಡ, ಯಾರೇ ಕೇಳಿದರೂ.

ಹೆಣ್ಣುಮಕ್ಕಳು ಹಿಂದೆ ಕೂರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಗಂಡ ಬಂದು ಹೆಂಡತಿ ಪರವಾಗಿ ಮಾತಾಡುವುದು ನಮ್ಮ ಕಡೆ ಜಾಸ್ತಿ, ಅಲ್ವಾ? ಅದು ನಿಲ್ಲಬೇಕು.

ಶಿಕ್ಷಕರು, ಸುರಕ್ಷತೆ, ಪಾಠ, ಎಲ್ಲಾ ಒಂದೇ ಸಭೆಯಲ್ಲಿ ಮುಗಿಯುವುದಿಲ್ಲ. ಯಾವುದು ಮೊದಲು ಅಂತ ಕೇಳಿದರೆ ನಾನು ಶಿಕ್ಷಕರು ಅನ್ನುತ್ತೇನೆ. ತರಗತಿಯಲ್ಲಿ ದೊಡ್ಡವರೇ ಇಲ್ಲದಿದ್ದರೆ ಪಾಠವೂ ಇಲ್ಲ, ಮಕ್ಕಳ ಮೇಲೆ ಕಣ್ಣೂ ಇಲ್ಲ. ಲೆಕ್ಕ ನೀವೇ ಹಾಕಿ. ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. 6ರಿಂದ 8ಕ್ಕೆ 35 ಮಕ್ಕಳಿಗೆ ಒಬ್ಬರಾದರೂ ಇರಬೇಕು. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ನಿಯೋಜನೆ ಮೇಲೆ ಬೇರೆ ಕಡೆ ಹೋದವರನ್ನು ಬೇರೆಯಾಗಿ ಎಣಿಸಿ. ಖಾಲಿ ಹುದ್ದೆ ಇದ್ದರೆ ಅತಿಥಿ ಶಿಕ್ಷಕರು ಬೇಕು ಅಂತ ಶಾಲೆ ಶುರುವಾಗುವ ಮೊದಲೇ ಠರಾವು ಮಾಡಿ ಕಳಿಸಿ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ, ಇವು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವ ಹಾಗಿಲ್ಲ ಅಂತಲೂ ಅದೇ ಕಾಯ್ದೆ ಹೇಳುತ್ತದೆ.

ಆದರೆ ಲೆಕ್ಕ ಕೇಳಿದಷ್ಟೇ ಪ್ರೀತಿಯಿಂದ ಅವರ ಕಷ್ಟವನ್ನೂ ಕೇಳಬೇಕು. ನಾವು ಒಂದು ಸಭೆಯಲ್ಲಿ ಬರೀ ಅದನ್ನೇ ಕೇಳಿದೆವು. ದೂರದ ಜಿಲ್ಲೆಯಿಂದ ಬಂದ ಅಕ್ಕೋರಿಗೆ (ಶಿಕ್ಷಕಿಗೆ) ಊರಲ್ಲಿ ಬಾಡಿಗೆ ಕೋಣೆ ಸಿಕ್ಕಿರಲಿಲ್ಲ, ಬಸ್ಸು ಬರುವುದೇ ತಡ, ಶಾಲೆಯಲ್ಲಿ ಅವರಿಗೊಂದು ಬೀಗ ಬೀಳುವ ಶೌಚಾಲಯ ಇರಲಿಲ್ಲ. ವರ್ಗಾವಣೆ ಕೇಳದೆ ಇನ್ನೇನು ಮಾಡುತ್ತಾರೆ? ಕೋಣೆ ನಾವೇ ಹುಡುಕಿಕೊಟ್ಟೆವು, ಶೌಚಾಲಯಕ್ಕೆ ಬಾಗಿಲು ಹಚ್ಚಿಸಿದೆವು, ಬಸ್ಸಿಗೆ ಡಿಪೋಗೆ ಅರ್ಜಿ ಕೊಟ್ಟೆವು. ಹೆಡ್ ಮಾಸ್ತರರು ಪಾಠ ಬಿಟ್ಟು ಬಿಸಿಯೂಟದ ಮೊಟ್ಟೆ, ಗ್ಯಾಸು, ತರಕಾರಿ ಲೆಕ್ಕದಲ್ಲೇ ಮುಳುಗಿದ್ದರು. ಈಗ ವಾರಕ್ಕೆ ಇಬ್ಬರು ತಾಯಂದಿರು ಪಾಳಿ ಮೇಲೆ ಅಡುಗೆ ಕೋಣೆಗೆ ಹೋಗುತ್ತೇವೆ. ರುಚಿ ನೋಡುತ್ತೇವೆ, ಮೊಟ್ಟೆ ಎಣಿಸುತ್ತೇವೆ.

ಸುರಕ್ಷತೆಗೆ ಕುರ್ಚಿ ಬಿಟ್ಟು ಏಳಿ. ಶಾಲೆ ಸುತ್ತ ಒಂದು ರೌಂಡು ಹಾಕಿ, ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಜೊತೆಗೆ ಕರಕೊಳ್ಳಿ, ಭಯ ಎಲ್ಲಿ ಅಂತ ಅವರಿಗೇ ಗೊತ್ತು. ನೀರಿನ ಟ್ಯಾಂಕು ತೊಳೆದದ್ದು ಯಾವಾಗ, ಗ್ಯಾಸ್ ಸಿಲಿಂಡರ್ ತರಗತಿಗೆ ಹತ್ತಿರ ಇದೆಯಾ, ಜೋತು ಬಿದ್ದ ಕರೆಂಟ್ ವೈರು, ಹಾವು ಚೇಳು ಸೇರುವ ಕಲ್ಲಿನ ಗುಡ್ಡೆ, ಎಲ್ಲಾ ಬರೆದುಕೊಳ್ಳಿ. ನಮ್ಮ ಕ್ಯಾಂಪುಗಳ, ಅಂದರೆ ಕಾಲುವೆ ಬದಿಯ ಸಣ್ಣ ಊರುಗಳ, ಮಕ್ಕಳು ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಮೇಲೇ ನಡೆದು ಬರುತ್ತಾರೆ. ಕಾಲುವೆಗೆ ನೀರು ಬಿಟ್ಟ ದಿನದಿಂದ ಸಣ್ಣವರು ಒಬ್ಬರೇ ಬರಬಾರದು, ದೊಡ್ಡವರೊಬ್ಬರು ಗುಂಪು ಮಾಡಿ ಕರೆತರಬೇಕು ಅಂತ ಠರಾವು ಮಾಡಿದ್ದೇವೆ. ಮಕ್ಕಳ ಸಹಾಯವಾಣಿ 1098 ನಂಬರನ್ನು ಗೋಡೆಗೆ ದೊಡ್ಡದಾಗಿ ಬರೆಸಿ. ಯಾವುದೇ ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ಊರ ಹಿರಿಯರು ಕೂತು ರಾಜಿ ಮಾಡುವ ಮಾತೇ ಬೇಡ. ಲೈಂಗಿಕ ದೌರ್ಜನ್ಯವಾದರೆ, ಅದರಿಂದ ಮಕ್ಕಳನ್ನು ಕಾಪಾಡುವ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದೂ ದೂರು ಕೊಡದಿರುವುದೇ ಅಪರಾಧ. ಕಾಂಪೌಂಡು, ನೀರು, ಶೌಚಾಲಯದ ಮಾತನ್ನು ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳ ಬಾಯಿಂದಲೇ ಹೇಳಿಸಿ.

ಪಾಠದ ವಿಷಯಕ್ಕೆ ಬಂದರೆ, ಪುಸ್ತಕ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಮಗು ಓದುತ್ತಿದೆಯಾ ಅಂತ ನೋಡುವುದು ನಮ್ಮ ಕೈಯಲ್ಲಿದೆ. 1ರಿಂದ 3ರವರೆಗೆ ನಲಿ-ಕಲಿ, ಅಂದರೆ ಆಟ, ಚಟುವಟಿಕೆಯ ಮೂಲಕ ಕಲಿಕೆ. ನಾಲ್ಕಕ್ಕೆ ಬಂದ ಮಗುವಿಗೆ ಒಂದು ಸಣ್ಣ ಕಥೆ ತಾನೇ ಓದಲು ಬರಬೇಕು. ಬರದವರು ಎಷ್ಟು ಜನ ಅಂತ ಕೇಳಿ, ಹೆಸರು ಬೇಡ, ಸಂಖ್ಯೆ ಸಾಕು, ಮಗುವಿಗೆ ಮಾನ ಇರುತ್ತದೆ. ನಮ್ಮಲ್ಲಿ ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮಾತಾಡುವ ಮಕ್ಕಳಿದ್ದಾರೆ. ಅವರಿಗೆ ಕನ್ನಡ ರೂಢಿಯಾಗಲು ಸ್ವಲ್ಪ ಹೊತ್ತು ಬೇಕು, ಅದನ್ನು ದಡ್ಡತನ ಅನ್ನಬಾರದು.

ಇನ್ನು ಗುಳೆ, ಅಂದರೆ ಕೂಲಿಗೆ ಊರು ಬಿಟ್ಟು ಹೋಗುವುದು. ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಬೆಂಚು ಅರ್ಧ ಖಾಲಿ. ಆಮೇಲೆ ಬೆಂಗಳೂರಿಗೆ ಹೋದ ಮನೆಗಳ ಮಕ್ಕಳು ತಿಂಗಳುಗಟ್ಟಲೆ ಕಾಣುವುದಿಲ್ಲ. ದೀಪಾವಳಿಗೆ ಮುಂಚೆಯೇ ಯಾವ ಮನೆ ಹೊರಡುತ್ತದೆ ಅಂತ ಪಟ್ಟಿ ಮಾಡಿ, ಅಜ್ಜಿ ಹತ್ತಿರ ಬಿಡಲು ಆಗುತ್ತದಾ ಕೇಳಿ, ಋತುಮಾನದ ವಸತಿ ವ್ಯವಸ್ಥೆ ಇದೆಯಾ ಅಂತ ಬಿಇಒ ಕಚೇರಿಯಲ್ಲಿ ವಿಚಾರಿಸಿ. ಹೋಗಲೇಬೇಕಾದವರಿಗೆ ಟಿಸಿ ತಡವಾದರೂ ಅಲ್ಲಿಯ ಸರ್ಕಾರಿ ಶಾಲೆ ಸೇರಿಸಿಕೊಳ್ಳಲೇಬೇಕು ಅಂತ ಹೇಳಿ ಕಳಿಸಿ. ವಾಪಸ್ ಬಂದವರಿಗೆ ಸಂಜೆ ಒಂದು ತಾಸು ಪಾಠ ಹೇಳಲು ಊರಿನ ಕಾಲೇಜು ಹುಡುಗಿಯರಿಬ್ಬರು ಒಪ್ಪಿದ್ದಾರೆ, ದೀಪಕ್ಕೆ ಬಲ್ಬು ನಾವು ಕೊಟ್ಟಿದ್ದೇವೆ.

ಇದೆಲ್ಲ ಕೂಡಿಸಿ ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಬರೆಸಿ. ಅನುದಾನ ಕೊಡುವಾಗ ಸರ್ಕಾರ ಆ ಯೋಜನೆಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಮಿನಲ್ಲಿದೆ. ಮಾರ್ಚ್ ತನಕ ಕಾಯಬೇಡಿ, ಡಿಸೆಂಬರ್‌ನಲ್ಲೇ ಕೂತು ಬರೆಯಿರಿ. ನಮ್ಮ ಯೋಜನೆಯ ಮೊದಲ ಸಾಲಿನಲ್ಲಿ ಈ ಸಲ ಆ ಕೋಣೆಯ ಛತ್ತು ಇದೆ.