ಸ್ಕಾಚ್‌ನಿಂದ ಸ್ಟ್ರಾಂಗ್ ಬರ್ಬನ್‌ಗೆ ಬರುವವರಿಗೆ

ಬರ್ಬನ್ (ಮೆಕ್ಕೆಜೋಳದಿಂದ ಮಾಡೋ ಅಮೆರಿಕದ ವಿಸ್ಕಿ) ಹೋಲಿಸಿ ನೋಡೋ ಮುಂಚೆ ಲೇಬಲ್ ಮೇಲಿನ ಪ್ರೂಫ್ ನೋಡ್ಕೊಳ್ಳಿ. ಅಮೆರಿಕದ ಲೆಕ್ಕದಲ್ಲಿ ಅದು ಆಲ್ಕೋಹಾಲ್ ಶೇಕಡಾವಾರಿನ ಎರಡರಷ್ಟು. ವೈಲ್ಡ್ ಟರ್ಕಿ 101 ಅಂದ್ರೆ ಶೇ 50.5. ಬುಕರ್ಸ್ ಥರದ್ದು ಶೇ 60 ದಾಟುತ್ತೆ. ಎರಡನ್ನೂ ಹಾಗೇ ಸುರಿದು ಪಕ್ಕಪಕ್ಕ ಇಟ್ಟರೆ ನೀವು ಹೋಲಿಸೋದು ಉರಿಯನ್ನ, ರುಚಿಯನ್ನಲ್ಲ.

ಅದಕ್ಕೇ ಮೊದಲು ಒಂದೇ ಮಟ್ಟಕ್ಕೆ ತನ್ನಿ. ಶೇ 60 ಇರೋ 30 ಎಂಎಲ್‌ಗೆ 6 ಎಂಎಲ್ ನೀರು ಬೆರೆಸಿದ್ರೆ ಸುಮಾರು ಶೇ 50ಕ್ಕೆ ಇಳಿಯುತ್ತೆ. ಮಕ್ಕಳಿಗೆ ಔಷಧಿ ಕುಡಿಸೋ ಸಿರಿಂಜ್ ಈ ಅಳತೆಗೆ ಸಾಕು. ಐಸ್ ಬೇಡ, ತಣ್ಣಗಾದ್ರೆ ಪರಿಮಳ ಅಡಗುತ್ತೆ.

ಸ್ಕಾಚ್‌ಗೆ ಮಾಡೋ ಹಾಗೆ ಮೂಗನ್ನ ಗ್ಲಾಸಿನೊಳಗೆ ತೂರಿಸಬೇಡಿ. ಬಾಯಿ ಸ್ವಲ್ಪ ತೆರೆದು ಅಂಚಿನಲ್ಲೇ ಮೂಸಿ. ಮೊದಲ ಗುಟುಕು ನಾಲಿಗೆ ಒಗ್ಗೋಕೆ ಮಾತ್ರ, ತೀರ್ಮಾನ ಎರಡನೇದರ ಮೇಲೆ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಇಟ್ಟುಕೊಂಡ್ರೆ ಕೊನೇದು ಯಾವುದಾದ್ರೂ ಚೆನ್ನಾಗೇ ಇರುತ್ತೆ ಬಿಡಿ!

ವೆನಿಲ್ಲಾ, ಕ್ಯಾರಮೆಲ್ ಹೆಚ್ಚುಕಡಿಮೆ ಎಲ್ಲದರಲ್ಲೂ ಸಿಗುತ್ತೆ. ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು ಅನ್ನೋದು ಅಲ್ಲಿನ ಕಾನೂನು. ಹಾಗಾಗಿ 'ಬರೀ ಆರು ವರ್ಷದ್ದಾ?' ಅಂತ ಮೂಗು ಮುರೀಬೇಡಿ, ಹೊಸ ಮರ ಬೇಗ ರುಚಿ ಬಿಡುತ್ತೆ. ವ್ಯತ್ಯಾಸ ಹುಡುಕಬೇಕಾದ್ದು ಧಾನ್ಯದಲ್ಲಿ. ಮೆಕ್ಕೆಜೋಳ ಕನಿಷ್ಠ ಶೇ 51 ಇರಲೇಬೇಕು. ಉಳಿದದ್ದರಲ್ಲಿ ರೈ ಅನ್ನೋ ಧಾನ್ಯ ಜಾಸ್ತಿ ಇದ್ರೆ ಕಾಳುಮೆಣಸಿನ ಖಾರ, ಗೋಧಿ ಇದ್ರೆ ಮೆತ್ತಗಿನ ಸಿಹಿ. ರೈ ಜಾಸ್ತಿ ಇರೋ ಓಲ್ಡ್ ಗ್ರ್ಯಾಂಡ್-ಡ್ಯಾಡ್ 114, ಗೋಧಿ ಇರೋ ಮೇಕರ್ಸ್ ಮಾರ್ಕ್ ಕ್ಯಾಸ್ಕ್ ಸ್ಟ್ರೆಂತ್ ಸಿಕ್ಕಿದ್ರೆ ಆ ಜೋಡಿಯಿಂದಲೇ ಶುರು ಮಾಡಿ.