ಚಳಿಗಾಲ ಮುಗಿಯಿತು, ದೋಣಿ ನೀರಿಗಿಳಿಸುವ ಮುಂಚೆ

ಹೊದಿಕೆ ತೆಗೆದ ಕೂಡಲೇ ಪೈಪ್ ಹಿಡಿದು ದೋಣಿ ತೊಳೆಯಲು ಹೋಗಬೇಡಿ. ನಾನು ಎಷ್ಟೋ ವರ್ಷ ಅದೇ ಮಾಡುತ್ತಿದ್ದೆ. ನಾಲ್ಕೈದು ತಿಂಗಳು ಕದಲದೆ ನಿಂತ ದೋಣಿಯಲ್ಲಿ ಏನೇನು ಆಗಿದೆ ಅಂತ ಹೇಳೋದೇ ಆ ಕೊಳೆ. ಎಂಜಿನ್ ಕೆಳಗೆ ನೆಲದ ಮೇಲೆ ಎಣ್ಣೆಯ ಚುಕ್ಕೆ ಇದೆಯಾ? ಬೋಲ್ಟ್‌ನಿಂದ ತುಕ್ಕಿನ ಗೆರೆ ಇಳಿದಿದೆಯಾ? ಮೊದಲು ಇದನ್ನೆಲ್ಲ ನೋಡಿ, ಫೋಟೋ ತೆಗೆದುಕೊಳ್ಳಿ. ಆಮೇಲೆ ತೊಳೆಯಿರಿ.

ನನ್ನದು 16 ಅಡಿಯ ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಎಂಜಿನ್. ನಾನು ಶುರು ಮಾಡೋದು ಗೇರ್ ಆಯಿಲ್‌ನಿಂದ, ಅಂದರೆ ಎಂಜಿನ್ ಕೆಳಭಾಗದ ಗೇರ್ ಪೆಟ್ಟಿಗೆಯ ಎಣ್ಣೆಯಿಂದ. ಎಂಜಿನ್ ನೆಟ್ಟಗೆ ನಿಲ್ಲಿಸಿ, ಕೆಳಗೆ ಹಳೆಯ ಡಬ್ಬಿ ಇಟ್ಟು, ಆ ಪೆಟ್ಟಿಗೆಯ ಕೆಳಗಿನ ಸ್ಕ್ರೂ ಬಿಚ್ಚಿ. ಆಮೇಲೆ ಮೇಲಿನದು. ಮೊದಲು ಬರುವ ನಾಲ್ಕು ಹನಿಯ ಮೇಲೆ ಕಣ್ಣಿಡಿ. ನೀರು ಸೇರಿದ್ದರೆ ಅದು ತಳದಲ್ಲೇ ಕೂತಿರುತ್ತದೆ, ಎಣ್ಣೆಗಿಂತ ಮೊದಲು ಅದೇ ಬರುತ್ತದೆ. ಎಣ್ಣೆ ಹಾಲು ಕಲಸಿದ ಹಾಗೆ ಬೆಳ್ಳಗೆ ಬಂದರೂ ಅರ್ಥ ಒಂದೇ, ನೀರು ತಡೆಯುವ ಸೀಲ್ ಎಲ್ಲೋ ಹೋಗಿದೆ.

ಒಂದು ವರ್ಷ ನನಗೆ ಹೀಗೇ ಬೆಳ್ಳಗೆ ಬಂತು. ಪ್ರೊಪೆಲ್ಲರ್ ಬಿಚ್ಚಿ ನೋಡಿದರೆ, ಶಾಫ್ಟ್‌ಗೆ ಗಾಳದ ನೈಲಾನ್ ದಾರ ಬಿಗಿಯಾಗಿ ಸುತ್ತಿಕೊಂಡು, ಬಿಸಿಗೆ ಕರಗಿ ಪ್ಲಾಸ್ಟಿಕ್ ಬಳೆಯಂತಾಗಿತ್ತು. ಅದೇ ಸೀಲ್ ಕೊಯ್ದಿತ್ತು. ಅಂದಿನಿಂದ ಎಣ್ಣೆ ಚೆನ್ನಾಗಿದ್ದರೂ ಪ್ರೊಪೆಲ್ಲರ್ ಬಿಚ್ಚದೆ ಬಿಡುವುದಿಲ್ಲ. ಶಾಫ್ಟ್ ಒರೆಸಿ, ಗ್ರೀಸ್ ಹಚ್ಚಿ, ನಟ್ ಕಳಚದಂತೆ ತಡೆಯುವ ಕಾಟರ್ ಪಿನ್ ಹೊಸದು ಹಾಕಿ. ಹೊಸ ಗೇರ್ ಆಯಿಲ್ ಅನ್ನು ಕೆಳಗಿನ ತೂತಿನಿಂದಲೇ ಮೇಲಕ್ಕೆ ತುಂಬಿಸಬೇಕು. ಮೇಲಿಂದ ಸುರಿದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಮೇಲಿನ ತೂತಿನಲ್ಲಿ ಎಣ್ಣೆ ಇಣುಕಿದಾಗ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. ವಾಷರ್ ಎರಡೂ ಹೊಸದಿರಲಿ.

ಹಳೇ ಪೆಟ್ರೋಲ್ ಸ್ವಲ್ಪ ಗಾಜಿನ ಬಾಟಲಿಗೆ ತೆಗೆದು ಹಾಗೇ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಎಥನಾಲ್ ಇರುವ ಪೆಟ್ರೋಲ್‌ನಲ್ಲಿ ಇದು ಜಾಸ್ತಿ. ಹಳಸಿದ ವಾರ್ನಿಷ್ ವಾಸನೆ ಬಂದರಂತೂ ಯೋಚನೆಯೇ ಬೇಡ, ಪೂರ್ತಿ ತೆಗೆದುಬಿಡಿ. ಪೆಟ್ರೋಲ್ ಪೈಪ್ ಬಗ್ಗಿಸಿ ನೋಡಿ, ಬಿರುಕು ಬಿಟ್ಟಿದ್ದರೆ ಬದಲಾಯಿಸಿ.

ಬ್ಯಾಟರಿ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ನೆ ಬಿಟ್ಟು ಅಳೆಯಿರಿ. ಲೆಡ್ ಆಸಿಡ್ ಬ್ಯಾಟರಿಯಾದರೆ 12.6 ವೋಲ್ಟ್ ಸುಮಾರು ಇರಬೇಕು. ರಾತ್ರಿ ಕಳೆಯುವುದರಲ್ಲಿ 12ಕ್ಕೆ ಇಳಿದರೆ ಅದರ ಕಥೆ ಮುಗಿಯಿತು.

ದೋಣಿಯ ತಳವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಅನ್ನುತ್ತದೆ, ನೀರು ಕುಡಿದ ಜಾಗ ಮಂಕಾಗಿ ಧಬ್ ಅನ್ನುತ್ತದೆ. ಅಂಥ ಕಡೆ ಬಣ್ಣ ಬಳಿದು ಮುಚ್ಚಬೇಡಿ, ತಿಳಿದವರಿಗೆ ತೋರಿಸಿ. ಎಂಜಿನ್ ಲೋಹದ ಬದಲು ತಾನೇ ಸವೆಯುವ ಲೋಹದ ತುಂಡು, ಆನೋಡ್, ಅರ್ಧ ಸವೆದಿದ್ದರೆ ಹೊಸದು ಹಾಕಿ. ಉಪ್ಪು ನೀರಿಗೆ ಸತು ಅಥವಾ ಅಲ್ಯೂಮಿನಿಯಂ, ಸಿಹಿ ನೀರಿಗೆ ಮೆಗ್ನೀಸಿಯಂ. ಅದರ ಮೇಲೆ ಮಾತ್ರ ಬಣ್ಣ ಬೀಳಬಾರದು, ಬಿದ್ದರೆ ಅದು ಕೆಲಸವೇ ಮಾಡುವುದಿಲ್ಲ.

ಇಷ್ಟಾದ ಮೇಲೆ ಎಂಜಿನ್ ಚಾಲೂ ಮಾಡೋಣ. ನೀರಿಲ್ಲದೆ ಒಂದು ಕ್ಷಣವೂ ಬೇಡ, ಎಂಜಿನ್ ತಂಪಾಗಿಸುವ ನೀರನ್ನು ಎತ್ತುವ ಒಳಗಿನ ರಬ್ಬರ್ ಚಕ್ರ, ಇಂಪೆಲ್ಲರ್, ಒಣಗಿ ತಿರುಗಿದರೆ ಸುಟ್ಟುಹೋಗುತ್ತದೆ. ನೀರು ಹೀರುವ ತೂತಿಗೆ ಮಫ್, ಅಂದರೆ ನಲ್ಲಿಯ ಪೈಪ್ ಸಿಕ್ಕಿಸುವ ರಬ್ಬರ್ ಕಪ್ ಹಾಕಿ, ಮೊದಲು ನಲ್ಲಿ ತಿರುಗಿಸಿ, ಆಮೇಲೆ ಕೀ. ಗೇರ್ ನ್ಯೂಟ್ರಲ್‌ನಲ್ಲೇ ಇರಲಿ, ಪ್ರೊಪೆಲ್ಲರ್ ಹತ್ತಿರ ಯಾರೂ ನಿಲ್ಲಬಾರದು. ಪಕ್ಕದಿಂದ ನೀರು ಚಿಮ್ಮದಿದ್ದರೆ ತಕ್ಷಣ ನಿಲ್ಲಿಸಿ. ಇಂಪೆಲ್ಲರ್ ಹೋಯಿತು ಅಂತ ಗಾಬರಿಯಾಗಬೇಡಿ, ಮೊದಲು ನೀರು ಚಿಮ್ಮಬೇಕಾದ ತೂತಿಗೆ ತೆಳು ತಂತಿ ತೂರಿಸಿ. ನನ್ನದರಲ್ಲಿ ಒಮ್ಮೆ ಕಣಜ ಮಣ್ಣಿನ ಗೂಡು ಕಟ್ಟಿತ್ತು!

ಲೈಫ್ ಜಾಕೆಟ್ ಹೊಲಿಗೆ ಎಳೆದು ನೋಡಿ. ದೋಣಿಯೊಳಗೆ ಒಂದು ಬಕೆಟ್ ನೀರು ಸುರಿದು ನೀರು ಹೊರಹಾಕುವ ಪಂಪ್ ತಾನಾಗಿ ಶುರುವಾಗುತ್ತಾ ನೋಡಿ. ದೀಪ, ಬೆಂಕಿ ಆರಿಸುವ ಸಿಲಿಂಡರ್‌ನ ಒತ್ತಡ ತೋರಿಸುವ ಮುಳ್ಳು, ಟ್ರೇಲರ್ ಚಕ್ರದ ಬೇರಿಂಗ್, ಇವೂ ಆಗಲಿ.

ಇನ್ನು ತಳದ ಬಿರಡೆ, ದೋಣಿಯೊಳಗಿನ ನೀರು ಬಸಿಯುವ ತೂತು ಮುಚ್ಚುವುದು. ನಗಬೇಡಿ, ನಾನೇ ಒಮ್ಮೆ ಮರೆತಿದ್ದೆ. ದಡದಿಂದ ಐವತ್ತು ಮೀಟರ್ ಹೋಗುವಷ್ಟರಲ್ಲಿ ಚಪ್ಪಲಿ ತೇಲುತ್ತಿತ್ತು. ಈಗ ಬಿರಡೆ ತೆಗೆದ ಕೂಡಲೇ ಎಂಜಿನ್ ಕೀಲಿಗೇ ಕಟ್ಟಿಡುತ್ತೇನೆ. ಅದನ್ನು ಬಿಚ್ಚದೆ ಕೀ ತಿರುಗಲ್ಲ, ಅಲ್ವಾ?