‘ನೀವು ಹೋಗ್ತಾ ಇರಿ’ ಅನ್ನುವಂತಿಲ್ಲ: ಮೈಸೂರಿನಿಂದ ತಡಿಯಂಡಮೋಳ್‌ಗೆ ಗುಂಪಾಗಿ ಹೋಗಿಬರುವುದು ಹೇಗೆ?

ಬೆಟ್ಟ ಹತ್ತುವಾಗ ನನಗೆ ಭಯ ಹುಟ್ಟಿಸುವ ಮಾತು ಒಂದಿದೆ. "ನೀವು ಹೋಗ್ತಾ ಇರಿ, ನಾನು ನಿಧಾನಕ್ಕೆ ಬರ್ತೀನಿ."

ಕೆಲವು ವರ್ಷದ ಹಿಂದೆ ನಮ್ಮ ಬೀದಿಯ ಹನ್ನೊಂದು ಜನ ಕೊಡಗಿನ ತಡಿಯಂಡಮೋಳ್‌ಗೆ ಹೋಗಿದ್ದೆವು. ಕಾಡು ದಾಟಿ ಹುಲ್ಲುಗಾವಲು ಸಿಗುವ ಹೊತ್ತಿಗೆ ಪಕ್ಕದ ಮನೆ ಅಕ್ಕ ಈ ಮಾತು ಹೇಳಿದರು. ನಾವು ಸರಿ ಅಂದು ನಡೆದೆವು. ಹತ್ತೇ ನಿಮಿಷಕ್ಕೆ ಮಂಜು ಮುಚ್ಚಿತು. ಅರ್ಧ ಗಂಟೆ ಕೂಗಿದ ಮೇಲೆ ಅವರು ಸಿಕ್ಕರು. ಕವಲಿನಲ್ಲಿ ಬೇರೆ ದಾರಿ ಹಿಡಿದು, ಒಂದು ಬಂಡೆಯ ಮೇಲೆ ಬ್ಯಾಗು ತಬ್ಬಿಕೊಂಡು ಕೂತಿದ್ದರು. ಕೈ ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು. ಅವರು ನಿಧಾನವಾಗಿದ್ದು ತಪ್ಪಲ್ಲ. ಬಿಟ್ಟು ಹೋಗಿದ್ದು ನಮ್ಮ ತಪ್ಪು. ಆಮೇಲೆ ನಾವು ರೂಢಿಸಿಕೊಂಡ ಕ್ರಮ ಇದು.

ಮೊದಲು ಚಾಮುಂಡಿ ಬೆಟ್ಟ

ಮೈಸೂರಿನವರಿಗೆ ಅಭ್ಯಾಸಕ್ಕೆ ಬೇರೆಲ್ಲೂ ಹೋಗಬೇಕಿಲ್ಲ. ಸಾವಿರ ಮೆಟ್ಟಿಲು ಊರಲ್ಲೇ ಇದೆ. ಒಂದು ತಿಂಗಳು ಮುಂಚಿನಿಂದ ವಾರಕ್ಕೆ ಎರಡು ಸಲವಾದರೂ ಹತ್ತಿ. ಬೆನ್ನಿಗೆ ಎರಡು ಲೀಟರ್ ನೀರಿನ ಬ್ಯಾಗು ಇರಲಿ, ಕಾಲಿಗೆ ಆ ದಿನ ಹಾಕುವ ಶೂನೇ ಇರಲಿ. ಹೊಸ ಶೂ ಕಚ್ಚುತ್ತದೋ ಇಲ್ಲವೋ ಇಲ್ಲೇ ಗೊತ್ತಾಗಬೇಕು.

ಹತ್ತುತ್ತಾ ಪಕ್ಕದವರ ಜೊತೆ ಮಾತಾಡಿ. ಒಂದು ವಾಕ್ಯ ಪೂರ್ತಿ ಹೇಳುವಷ್ಟರಲ್ಲಿ ಉಸಿರು ಕಟ್ಟಿದರೆ ವೇಗ ಜಾಸ್ತಿ ಆಯಿತು ಅಂತ ಅರ್ಥ. ಇಡೀ ಗುಂಪು ಒಂದು ಸಲವಾದರೂ ಒಟ್ಟಿಗೆ ಹತ್ತಲೇಬೇಕು. ನಂದಿಯ ಹತ್ತಿರ ಬರುವ ಹೊತ್ತಿಗೆ ಯಾರ ಕಾಲು ಹೇಗೆ ಅಂತ ಎಲ್ಲರಿಗೂ ತಿಳಿದಿರುತ್ತದೆ. ಮಂಡಿ ನೋವು, ಬಿಪಿ, ಉಬ್ಬಸ ಇದ್ದವರು ಆಗಲೇ ಹೇಳಿಬಿಡಲಿ, ಡಾಕ್ಟರನ್ನೂ ಕೇಳಲಿ.

ದಿನ, ಅನುಮತಿ, ಬ್ಯಾಗು

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಶಿಖರ, 1,748 ಮೀಟರ್. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಜಿಗಣೆ ಕಾಲಿಗೆ ಹತ್ತುತ್ತದೆ. ಅರಣ್ಯ ಇಲಾಖೆಯ ಅನುಮತಿ ಸಿಕ್ಕ ಮೇಲೆಯೇ ಗಾಡಿಗೆ ಮುಂಗಡ ಕೊಡಿ. ಹನ್ನೆರಡು ಜನಕ್ಕಿಂತ ಜಾಸ್ತಿ ಬೇಡ.

ತಲೆಗೆ ಮೂರು ಲೀಟರ್ ನೀರು ಬೇಕು. ಅದರಲ್ಲಿ ಒಂದು ಲೀಟರ್‌ಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿಡಿ, ಟೀ ಚಮಚದ ಅಳತೆ. ಬುತ್ತಿಗೆ ಪುಳಿಯೋಗರೆ ಅಥವಾ ಚಪಾತಿ-ಚಟ್ನಿಪುಡಿ ಕೆಡುವುದಿಲ್ಲ. ದಾರಿಗೆ ಕಡ್ಲೆಬೀಜ, ಬೆಲ್ಲ, ಬಾಳೆಹಣ್ಣು. ಒಂದು ಸ್ವೆಟರ್ ಮರೆಯಬೇಡಿ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಂಪು ಜಾಸ್ತಿ. ಆ ಶಿಖರ ಮೈಸೂರಿಗಿಂತ ಹತ್ತಿರಹತ್ತಿರ ಅಷ್ಟೇ ಎತ್ತರದಲ್ಲಿದೆ, ಮೇಲೆ ಗಾಳಿ ಬೇರೆ. ಬೆವರಿದ ಬಟ್ಟೆಯಲ್ಲಿ ಕೂತರೆ ನಡುಕ ಶುರುವಾಗುತ್ತದೆ. ಒಂದೊಂದು ಸೀಟಿ ಎಲ್ಲರ ಕುತ್ತಿಗೆಯಲ್ಲೂ ಇರಲಿ. ಬೆಂಕಿಪೊಟ್ಟಣ ಮನೆಯಲ್ಲೇ ಬಿಡಿ. ಒಣಹುಲ್ಲಿಗೆ ಒಂದು ಕಿಡಿ ಸಾಕು.

ಹೊರಡುವುದು

ಬೆಳಗ್ಗೆ 4 ಗಂಟೆಗೆ ಗಾಡಿ ಹೊರಡಬೇಕು. ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ ದಾಟಿ ಬೆಟ್ಟದ ಬುಡದ ಊರು ಕಕ್ಕಬ್ಬೆಗೆ ನಾಲ್ಕು ಗಂಟೆ ಹತ್ತಿರ ಹಿಡಿಯುತ್ತದೆ. ಹುಣಸೂರು ದಾಟಿದ ಮೇಲಿನ ಕಾಡಿನಲ್ಲಿ ಯಾವ ಕಾರಣಕ್ಕೂ ಇಳಿಯಬೇಡಿ, ಅದು ಆನೆಗಳ ಜಾಗ. ಯಾರ್ಯಾರು ಹೋಗಿದ್ದೀರಿ, ಎಷ್ಟು ಹೊತ್ತಿಗೆ ಕೆಳಗಿಳಿಯುತ್ತೀರಿ ಅನ್ನುವ ಚೀಟಿ ಮನೆಯಲ್ಲಿ ಒಬ್ಬರ ಕೈಯಲ್ಲಿರಲಿ. ಬೆಟ್ಟದಲ್ಲಿ ಫೋನನ್ನು ನಂಬಿಕೊಳ್ಳುವ ಹಾಗಿಲ್ಲ.

ಹತ್ತುವ ದಾರಿ ನಾಲ್ಕುನಾಡು ಅರಮನೆಯ ಪಕ್ಕದಿಂದ. ಆ ಅರಮನೆ 1792ರಲ್ಲಿ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಒಳಗೆ ನೋಡುವುದನ್ನು ಸಂಜೆಗೆ ಇಟ್ಟುಕೊಳ್ಳಿ.

ಸಾಲು ಕಟ್ಟುವುದು

ಇದೇ ಮುಖ್ಯ, ಇಲ್ಲಿ ರಾಜಿ ಬೇಡ. ಮೊದಲು ದಾರಿ ಬಲ್ಲವರು. ಅವರ ಹಿಂದೆಯೇ ಗುಂಪಿನಲ್ಲಿ ಅತಿ ನಿಧಾನವಾಗಿ ನಡೆಯುವವರು. ಕೊನೆಯಲ್ಲಿ ಗಟ್ಟಿಮುಟ್ಟಾದ ಒಬ್ಬರು, ಔಷಧಿ ಡಬ್ಬ ಅವರ ಬಳಿ. ಮುಂದಿನವರನ್ನು ಯಾರೂ ದಾಟುವಂತಿಲ್ಲ, ಕೊನೆಯವರಿಗಿಂತ ಹಿಂದೆ ಯಾರೂ ಉಳಿಯುವಂತಿಲ್ಲ. ನಿಧಾನದವರು ಹಿಂದಿದ್ದರೆ ಸದಾ ಓಡುತ್ತಲೇ ಇರುತ್ತಾರೆ. ಮುಂದೆ ಇದ್ದರೆ ತಮ್ಮ ಉಸಿರಿಗೆ ತಕ್ಕಂತೆ ನಡೆಯುತ್ತಾರೆ.

ಇನ್ನೊಂದು ವಿಷಯ. ಬೇಗ ಹೋದವರು ಕೂತು ಸುಧಾರಿಸಿಕೊಂಡು, ಹಿಂದಿನವರು ಬಂದ ಕೂಡಲೇ "ಬಂದ್ರಾ? ಸರಿ, ನಡೀರಿ" ಅಂತ ಎದ್ದುಬಿಡುತ್ತಾರೆ. ಪಾಪ, ತೀರಾ ದಣಿದವರಿಗೇ ವಿಶ್ರಾಂತಿ ಇಲ್ಲ. ಹಾಗಾಗಿ ಕೊನೆಯವರು ಬಂದು ಕೂತ ಮೇಲೆ ಹತ್ತು ನಿಮಿಷ ಎಣಿಸಿ.

ಕವಲು ಬಂದಲ್ಲೆಲ್ಲ ನಿಂತು ತಲೆ ಎಣಿಸಿ. ಸೀಟಿ ಒಂದು ಸಲ ಊದಿದರೆ ನಿಲ್ಲಿ, ಮೂರು ಸಲ ಊದಿದರೆ ತೊಂದರೆ, ಎಲ್ಲರೂ ಬನ್ನಿ. ಯಾರಾದರೂ "ನೀವು ಹೋಗ್ತಾ ಇರಿ" ಅಂದರೆ ಎಲ್ಲರೂ ಅಲ್ಲೇ ಕೂರಿ. ಅವರ ಬ್ಯಾಗನ್ನು ಹಂಚಿಕೊಳ್ಳಿ. ಆಗುವುದೇ ಇಲ್ಲ ಅಂದರೆ ಇಬ್ಬರು ಜೊತೆಯಾಗಿ ಅವರನ್ನು ಕೆಳಗೆ ಕರೆದುಕೊಂಡು ಹೋಗಲಿ.

ತಿರುಗುವ ಹೊತ್ತು

ಮಧ್ಯಾಹ್ನ 1 ಗಂಟೆಗೆ ಎಲ್ಲಿದ್ದರೂ ತಿರುಗಿ. ಶಿಖರ ಕಣ್ಣೆದುರೇ ಕಂಡರೂ ಅಷ್ಟೇ. ಇದನ್ನು ಬೆಳಗ್ಗೆ ಗಾಡಿಯಲ್ಲೇ ಎಲ್ಲರ ಬಾಯಲ್ಲಿ ಒಪ್ಪಿಸಿಕೊಳ್ಳಿ, ಯಾಕೆಂದರೆ ಮೇಲೆ ಹೋದ ಮೇಲೆ ಯಾರೂ ಒಪ್ಪುವುದಿಲ್ಲ. ಬೇಗ ತಲುಪಿದರೆ ಗಾಳಿ ಬೀಸದ ಕಡೆ ಕೂತು ಬುತ್ತಿ ಬಿಚ್ಚಿ. ಪ್ಲಾಸ್ಟಿಕ್ ಒಂದು ಚೂರೂ ಬಿಡಬೇಡಿ.

ಇಳಿಯುವುದು ಸಲೀಸು ಅಂದುಕೊಳ್ಳಬೇಡಿ, ಮಂಡಿಗೆ ಪೆಟ್ಟು ಬೀಳುವುದು ಆಗಲೇ. ಶೂ ಲೇಸನ್ನು ಬಿಗಿಯಾಗಿ ಕಟ್ಟಿ, ಹೆಜ್ಜೆ ಚಿಕ್ಕದಿರಲಿ. ಸಾಲು ಅದೇ ಸಾಲು. ಅರಮನೆ ಹತ್ತಿರ ಬಂದ ಮೇಲೆ ಇನ್ನೊಮ್ಮೆ ಎಣಿಸಿ, ಮನೆಗೆ ಫೋನ್ ಮಾಡಿ.

ಆ ಅಕ್ಕ ಮುಂದಿನ ವರ್ಷ ಮತ್ತೆ ಬಂದರು. ಸಾಲಿನಲ್ಲಿ ಎರಡನೆಯವರು. ಹನ್ನೆರಡೂಕಾಲಿಗೆ ಶಿಖರದಲ್ಲಿದ್ದೆವು, ಹನ್ನೊಂದಕ್ಕೆ ಹನ್ನೊಂದು ಜನ.